ಸ್ಲೋ ಕುಕ್ಕರಿನ ಸೋಪು, ಎರಡನೆಯ ಸಲ

ಪುತ್ತೂರು, 12 ಜನವರಿ 2025, ಭಾನುವಾರ

ಬೆಳಗ್ಗೆ ಎದ್ದು ನೋಡಿದರೆ ಗಾಣದಿಂದ ತಂದ ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು. ಡಬ್ಬವನ್ನು ಬಿಸಿಲಿಗಿಟ್ಟು, ಅದು ಕರಗುವವರೆಗೆ ಲೆಕ್ಕ ಬರೆಯುತ್ತಾ ಕೂತೆ. ಹೋದ ತಿಂಗಳ ತಪ್ಪು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಆಗ ಬೇಕಾಗಿದ್ದದ್ದು 450 ಗ್ರಾಂ ತೆಂಗಿನೆಣ್ಣೆ, 50 ಗ್ರಾಂ ಹರಳೆಣ್ಣೆ. ತೆಂಗಿನೆಣ್ಣೆ 250 ಗ್ರಾಂ ಮಾತ್ರ ಇತ್ತು. ಉಳಿದ 200ಕ್ಕೆ ರೈಸ್ ಬ್ರಾನ್ ಎಣ್ಣೆ ಹೊಯ್ದೆ. ಎಣ್ಣೆಗೆ ಎಣ್ಣೆ ಸರಿಹೋಯಿತು ಅಂದುಕೊಂಡು ಕಾಸ್ಟಿಕ್ ಸೋಡಾ ಮೊದಲು ಬರೆದಿಟ್ಟಷ್ಟೇ, 84 ಗ್ರಾಂ ಹಾಕಿದೆ. ಸೋಪು ಬೆಳ್ಳಗೆ, ಗಟ್ಟಿಯಾಗಿ ಬಂತು. ಅಮ್ಮ ಎರಡು ದಿನ ಅದರಲ್ಲಿ ಕೈ ತೊಳೆದಳು. ಮೂರನೆಯ ದಿನ ಬೆರಳಸಂದಿಯೆಲ್ಲ ಕೆಂಪಾಗಿ ಸಿಪ್ಪೆ ಏಳತೊಡಗಿತು.

1 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು. ರೈಸ್ ಬ್ರಾನ್‌ಗೆ 0.133ರ ಆಸುಪಾಸು, ಹರಳೆಣ್ಣೆಗೆ 0.128. ಎಣ್ಣೆಯಲ್ಲಿ ಕಾಸ್ಟಿಕ್ ಜೊತೆ ಸೇರಿ ಸೋಪಾಗುವುದು ಕೊಬ್ಬಿನಾಮ್ಲಗಳು. ತೆಂಗಿನೆಣ್ಣೆಯಲ್ಲಿ ಅವುಗಳ ಸರಪಳಿ ಗಿಡ್ಡ. ಅಷ್ಟೇ ತೂಕದಲ್ಲಿ ಅವುಗಳ ಸಂಖ್ಯೆ ಜಾಸ್ತಿ, ಅದಕ್ಕೇ ಕ್ಷಾರವೂ ಜಾಸ್ತಿ ಬೇಕು. ನನ್ನ ಬೆರಕೆಗೆ 79 ಗ್ರಾಂ ಧಾರಾಳವಾಗಿತ್ತು. ಮಿಕ್ಕ 5 ಗ್ರಾಂ ಸೋಪಿನಲ್ಲೇ ಕೂತು ಅಮ್ಮನ ಕೈ ಸುಟ್ಟಿತು.

ಇವತ್ತೂ ಅದೇ ಬೆರಕೆ. ಆದರೆ ಕಾಸ್ಟಿಕ್ 75 ಗ್ರಾಂ, ನೀರು 190 ಗ್ರಾಂ. ಹೀಗೆ ಮಾಡಿದರೆ ನೂರಕ್ಕೆ ಐದು ಪಾಲು ಎಣ್ಣೆ ಸೋಪಾಗದೆ ಉಳಿಯುತ್ತದೆ, ಚರ್ಮಕ್ಕೆ ಹಿತ. ಕೈಗವಸು, ಕನ್ನಡಕ ಹಾಕಿಕೊಂಡು ಅಂಗಳದಲ್ಲೇ ಕಲಸಿದೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಹೊಯ್ಯಬಾರದು. ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಕುದಿದು ಸಿಡಿಯುವುದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಸ್ಟೀಲ್ ಪಾತ್ರೆ ಆಗುತ್ತದೆ. ಅಲ್ಯೂಮಿನಿಯಂ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಸ್ಲೋ ಕುಕ್ಕರ್ ಅಂದರೆ ಸಣ್ಣ ಕಾವಿನಲ್ಲಿ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆ, ಅಕ್ಕ ಅಮೆರಿಕದಿಂದ ತಂದುಕೊಟ್ಟದ್ದು. 120 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಹಾಕುವ ಹಾಗಿಲ್ಲ. ಒಳಗಿನ ಪಿಂಗಾಣಿ ಪಾತ್ರೆಯನ್ನು ಇನ್ನು ಅಡುಗೆಗೆ ಬಳಸುವುದಿಲ್ಲ.

ಎಣ್ಣೆಗೆ ಕಾಸ್ಟಿಕ್ ನೀರು ಸುರಿದು ಹ್ಯಾಂಡ್ ಬ್ಲೆಂಡರ್ ಆಡಿಸಿದೆ. ದೋಸೆಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಅಳಿಸದೆ ನಿಂತಿತು. ಲೋ ಉರಿಗೆ ಇಟ್ಟು ಮುಚ್ಚಿದೆ. ಇಲ್ಲಿಂದ ಮುಂದಿನದ್ದು ನೋಡಲು ನನಗೆ ಬಹಳ ಇಷ್ಟ. ಮೊದಲು ಅಂಚು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ಆಮೇಲೆ ಅಂಚೇ ಉಬ್ಬಿ ನಡುವಿನ ಬಿಳಿ ಭಾಗದ ಮೇಲೆ ಮಗುಚಿಕೊಳ್ಳುತ್ತದೆ. ಉಕ್ಕಿ ಹೊರಗೆ ಬರದ ಹಾಗೆ ಕಾಯಬೇಕು, ಅಲ್ಲೇ ನಿಂತಿದ್ದೆ. ಒಂದು ಗಂಟೆ ಕಳೆಯುವಾಗ ಬಿಳಿ ಎಲ್ಲೂ ಉಳಿಯದೆ, ಇಡೀ ಪಾತ್ರೆ ಕಾಶಿ ಹಲ್ವದ ಹಾಗೆ ಹೊಳೆಯುತ್ತಿತ್ತು.

ಹೋದ ಸಲ ನಾನು ಬಿಟ್ಟದ್ದು ನಾಲಿಗೆಯ ಪರೀಕ್ಷೆ. ಚಿಟಿಕೆ ಸೋಪು ತೆಗೆದು, ಆರಿಸಿ, ನಾಲಿಗೆ ತುದಿಗೆ ಮುಟ್ಟಿಸಿ ತಕ್ಷಣ ಬಾಯಿ ತೊಳೆಯುವುದು. ಕ್ಷಾರ ಉಳಿದಿದ್ದರೆ ವೀಳ್ಯದೆಲೆಗೆ ಸುಣ್ಣ ಹೆಚ್ಚಾದ ಹಾಗೆ ಚುರ್ ಅನ್ನುತ್ತದೆ. ಇವತ್ತು ಮೂರು ಕಡೆಯಿಂದ ತೆಗೆದು ನೋಡಿದೆ. ಬರೀ ಸೋಪಿನ ರುಚಿ. ಆಮೇಲೆಯೇ ಒಂದು ಚಮಚ ಲಾವಂಚದ ಎಣ್ಣೆ ಬೆರೆಸಿದೆ. ಕ್ಷಾರದ ಕೆಲಸ ಮುಗಿದಿರುವುದರಿಂದ ಪರಿಮಳ ಕೆಡುವುದಿಲ್ಲ. ಬಟರ್ ಪೇಪರ್ ಹಾಸಿದ ಐಸ್‌ಕ್ರೀಂ ಡಬ್ಬಕ್ಕೆ ತುಂಬಿ, ಗಾಳಿ ಹೋಗಲೆಂದು ನೆಲಕ್ಕೆ ಕುಟ್ಟಿದೆ.

ಪಾತ್ರೆಯ ತಳ ಕೆರೆದಾಗ ನಿಂಬೆಗಾತ್ರದ ಉಂಡೆ ಸಿಕ್ಕಿತು. ಅಮ್ಮ ಮೂಸಿ ನೋಡಿ, "ಈ ಸರ್ತಿ ಸುಡುವುದಿಲ್ಲ ಅಲ್ವಾ?" ಎಂದಳು. ಒಂದು ವಾರ ನಾನು ಬಳಸುತ್ತೇನೆ, ಆಮೇಲೆ ನಿನಗೆ ಎಂದೆ. ಉಂಡೆಯನ್ನು ನನ್ನ ಬಚ್ಚಲಿನಲ್ಲಿ ಇಟ್ಟಿದ್ದೇನೆ.