ಮಲಯಾಳಂ ಬರುತ್ತದಾ ಅಂತ ಅವರು ಕೇಳಲೇ ಇಲ್ಲ

ಮೆಸೇಜ್ ಬಂದಾಗ ನಾನು ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದೆ. ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನಿಂದ ಸ್ವಲ್ಪ ಒಳಗೆ. ಅಂಗಳಕ್ಕೆ ಬರೀ ಮೆಸೇಜ್ ಬರುತ್ತದೆ, ಫೈಲ್ ತೆರೆಯಬೇಕಿದ್ದರೆ ಹಟ್ಟಿಯ ಹಿಂದಿನ ಗುಡ್ಡೆ ಹತ್ತಬೇಕು, ಅಲ್ಲಿ ಮಾತ್ರ ರೇಂಜ್.

ಕನ್ನಡ–ಮಲಯಾಳಂ ಅನುವಾದಕರು ಬೇಕಾಗಿದ್ದಾರೆ, ಮನೆಯಿಂದಲೇ ಕೆಲಸ, ತಿಂಗಳಿಗೆ 28,000 ರೂಪಾಯಿ.

ಬೇರೆ ಯಾವ ಕೆಲಸ ಅಂದಿದ್ದರೂ ಅಳಿಸಿಬಿಡುತ್ತಿದ್ದೆ. ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ಸ್ಟಾರ್ ಕೊಡಿ ಅನ್ನುವ ಟೆಲಿಗ್ರಾಂ ಕೆಲಸಗಳ ಕಥೆ ಈಗ ನಮ್ಮ ಅತ್ತೆಗೂ ಗೊತ್ತು. ಮೊದಲು 150 ರೂಪಾಯಿ ನಿಜವಾಗಿಯೂ ಹಾಕುತ್ತಾರೆ, ಆಮೇಲೆ ನಮ್ಮಿಂದಲೇ ಸಾವಿರಗಟ್ಟಲೆ ಹಾಕಿಸಿಕೊಳ್ಳುತ್ತಾರೆ. ಇದು ಹಾಗಿರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಆಫೀಸುಗಳಲ್ಲಿ ಮಲಯಾಳಂ ಅರ್ಜಿ ತುಂಬಿಸುತ್ತಾ ಬೆಳೆದ ನಮಗೆ ಎರಡು ಭಾಷೆ ಬರುವುದು ದೊಡ್ಡ ವಿಷಯ ಅಂತ ಯಾರೂ ಹೇಳಿದ್ದಿಲ್ಲ, ಅದೊಂದು ಪರದಾಟ ಅಷ್ಟೇ. ಅದಕ್ಕೂ ಸಂಬಳ ಕೊಡುತ್ತೇವೆ ಅಂದಾಗ ಮನಸ್ಸು ಕೂಡಲೇ ಒಪ್ಪಿಬಿಟ್ಟಿತು.

ನಂಬರ್ ಎಲ್ಲಿ ಸಿಕ್ಕಿತು ಅಂತ ಕೇಳಿದೆ. ನಿಮ್ಮ ಬಯೋಡೇಟಾ ನೋಡಿದೆವು ಅಂದರು. ಮಗ ಹುಟ್ಟಿ ಶಾಲೆಯ ಟೀಚರ್ ಕೆಲಸ ಬಿಟ್ಟ ಮೇಲೆ ಕೆಲಸ ಹುಡುಕುವ ಒಂದು ಸೈಟಿನಲ್ಲಿ ಹಾಕಿದ್ದೆ, ಭಾಷೆಗಳು ಅನ್ನುವಲ್ಲಿ ಎರಡನ್ನೂ ಬರೆದಿದ್ದೆ. ಅಂದರೆ ನನ್ನ ಅಳತೆ ತೆಗೆದೇ ಹೊಲಿದದ್ದು.

ಮೂರನೇ ದಿನ ಒಪ್ಪಂದದ ಫೈಲ್ ಬಂತು. ಗುಡ್ಡೆ ಹತ್ತಿ ಓದಿದೆ. ದುಂಡು ಸೀಲು, ಬೆಂಗಳೂರಿನ ವಿಳಾಸ, ಜಿಎಸ್‌ಟಿ ನಂಬರ್, ಎಲ್ಲ ಇತ್ತು. ಹತ್ತು ದಿನದಲ್ಲಿ 300 ಪುಟ, ಶೇಕಡಾ 98 ಸರಿ ಇರಬೇಕು, ಇಲ್ಲದಿದ್ದರೆ 6,500 ರೂಪಾಯಿ ದಂಡ. ನೋಂದಣಿಗೆ 1,499, ಅದು ಮೊದಲ ಸಂಬಳದ ಜೊತೆ ವಾಪಸ್. ಸಂಜೆ ಐದರೊಳಗೆ ಸೈನ್ ಹಾಕಿ ಕಳಿಸಬೇಕು.

ಪ್ರಿಂಟ್ ತೆಗೆಸಲು ಅಕ್ಷಯ ಕೇಂದ್ರಕ್ಕೆ ಹೋದೆ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರ ಅದು. ಅಲ್ಲಿ ಕೂರುವ ಹುಡುಗಿ ಒಂದು ಕಾಲದಲ್ಲಿ ನನ್ನ ಕ್ಲಾಸಿನಲ್ಲಿದ್ದವಳು. ಮೊದಲ ಪುಟ ಮೆಷಿನ್ನಿನಿಂದ ಹೊರಗೆ ಬಂದದ್ದೇ ಕೈಯಲ್ಲಿ ಹಿಡಿದು ನೋಡಿದಳು.

"ಟೀಚರೇ, ಇದಕ್ಕೆ ಸೈನ್ ಹಾಕಬೇಡಿ."

"ಯಾಕೆ, ಎಂತ ಆಯ್ತು?"

"ಇಂಥದ್ದೇ ಪ್ರಿಂಟ್ ತೆಗೆಸಲು ಒಬ್ಬರು ಅಕ್ಕ ಬಂದಿದ್ದರು. ತಿಂಗಳು ಕಳೆದು ವಕೀಲರ ನೋಟಿಸ್ ಪ್ರಿಂಟ್ ತೆಗೆಸಲು ಬಂದರು."

ಅವಳು ಹೇಳಿದ ಮೇಲೆ ಗೊತ್ತಾಯಿತು, ಈ ಮೋಸದಲ್ಲಿ ನೋಂದಣಿ ಹಣ ಬರೀ ಶುರು. ಅಸಲು ದುಡ್ಡು ಇರುವುದು ಆ 98ರಲ್ಲಿ. ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ ತಪ್ಪು ಜಾಸ್ತಿ ಅನ್ನುತ್ತಾರೆ, ಆಮೇಲೆ ಯಾರೋ ವಕೀಲ ಅಂತ ಫೋನ್ ಮಾಡಿ ಕೋರ್ಟು, ಕೇಸು ಅಂತ ಹೆದರಿಸಿ ದಂಡ ಕಟ್ಟಿಸುತ್ತಾರೆ. ಸೈನ್ ಹಾಕಿದವರು ಮನೆಯಲ್ಲೂ ಹೇಳಲಾಗದೆ ಕಟ್ಟಿಬಿಡುತ್ತಾರೆ.

ಅಷ್ಟು ಹೇಳಿ ಸುಮ್ಮನಾಗದೆ ಜಿಎಸ್‌ಟಿ ನಂಬರನ್ನೂ ನೋಡಿದಳು. ಅದರ ಮೊದಲ ಎರಡು ಅಂಕಿ ರಾಜ್ಯದ್ದಂತೆ, ಕರ್ನಾಟಕಕ್ಕೆ 29, ನಮ್ಮ ಕೇರಳಕ್ಕೆ 32. ಇದರಲ್ಲಿ ಇದ್ದದ್ದು 27, ಮಹಾರಾಷ್ಟ್ರ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಲಾಗಿನ್ ಇಲ್ಲದೆಯೂ ಹುಡುಕಬಹುದು. ಹುಡುಕಿದರೆ ಬಂದದ್ದು ಒಂದು ಬಟ್ಟೆ ಅಂಗಡಿಯ ಹೆಸರು. ನಂಬರ್ ಸುಳ್ಳಲ್ಲ, ಬೇರೆ ಯಾರದ್ದೋ!

ನಾಚಿಕೆಯ ವಿಷಯ ಏನೆಂದರೆ ಆಗಲೂ ನನಗೆ ಪೂರ್ತಿ ನಂಬಿಕೆ ಹೋಗಿರಲಿಲ್ಲ. ಬಟ್ಟೆ ಅಂಗಡಿಯವರು ಅನುವಾದದ ಕೆಲಸ ಮಾಡಬಾರದಾ ಅಂತ ಮನಸ್ಸು ವಾದ ಮಾಡುತ್ತಿತ್ತು. ಅಲ್ಲೇ ಬೆಂಚಿನಲ್ಲಿ ಕೂತು ಅವರಿಗೆ ಮಲಯಾಳಂ ಲಿಪಿಯಲ್ಲೇ ಬರೆದೆ, ಅನುವಾದ ಆಫೀಸು ಕಾಗದಗಳದ್ದಾ, ಮಕ್ಕಳ ಪುಸ್ತಕದ್ದಾ? ಉತ್ತರ ಬಂತು: "ಓಕೆ ಮೇಡಂ, ಪೇಮೆಂಟ್ ಸ್ಕ್ರೀನ್‌ಶಾಟ್ ಕಳಿಸಿ."

ಆಗ ಹೊಳೆಯಿತು. ಮೂರು ದಿನ ಮಾತಾಡಿದ್ದೇವೆ, ಒಂದು ಸಾಲು ಅನುವಾದ ಮಾಡಿ ತೋರಿಸಿ ಅಂತ ಯಾರೂ ಕೇಳಿಲ್ಲ. ಜುಜುಬಿ ಸಂಬಳದ ಶಾಲೆಯವರೇ ನನ್ನಿಂದ ಡೆಮೋ ಕ್ಲಾಸ್ ಮಾಡಿಸಿದ್ದರಲ್ವಾ!

ನೋಂದಣಿ ಹಣವನ್ನು ಮೊದಲ ಸಂಬಳದಲ್ಲೇ ಹಿಡಿದುಕೊಳ್ಳಿ ಅಂತ ಬರೆದೆ. ಐದು ನಿಮಿಷದಲ್ಲಿ ಮೇಡಂ ಹೋಗಿ ಕೇಸ್ ಬಂತು. ಸೈನೇ ಹಾಕದ ಒಪ್ಪಂದಕ್ಕೆ ಎಂತ ಕೇಸು ಮಾರಾಯ್ರೆ? ಬ್ಲಾಕ್ ಮಾಡಿ, ಕೇಂದ್ರ ಸರಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಮೋಸದ ಕರೆ, ಮೆಸೇಜ್‌ಗಳ ದೂರಿಗೆ ಇರುವ ಚಕ್ಷುವಿನಲ್ಲಿ ಆ ನಂಬರಿನ ಮೇಲೆ ದೂರು ಹಾಕಿದೆವು. ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಆ ಗಳಿಗೆಯಲ್ಲೇ ಫೋನ್ ಮಾಡಬೇಕು ಅಂದಳು, ತಡ ಮಾಡಿದಷ್ಟು ಅದು ಖಾತೆಯಿಂದ ಖಾತೆಗೆ ದಾಟಿಹೋಗುತ್ತದಂತೆ.

ಎರಡು ತಿಂಗಳ ನಂತರ ಇನ್ನೊಂದು ಮೆಸೇಜ್. ಸೀಲಿಲ್ಲ, ಒಪ್ಪಂದ ಇಲ್ಲ, ಜಿಮೇಲ್ ವಿಳಾಸ, ಕನ್ನಡದಲ್ಲಿ ಕಾಗುಣಿತದ ತಪ್ಪು ಬೇರೆ. ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನವರಂತೆ. ನೋಡಲಿಕ್ಕೆ ಮೊದಲಿನದ್ದಕ್ಕಿಂತಲೂ ಮೋಸದ ಹಾಗಿತ್ತು. ನಾನು ಉರಿದೇ ಉತ್ತರ ಕೊಟ್ಟೆ. ಅವರು ಮಾತಾಡದೆ ದನ ಸಾಕುವವರ ಕೈಪಿಡಿಯಿಂದ ಅರ್ಧ ಪುಟ ಮಲಯಾಳಂ ಕಳಿಸಿದರು. ಮಾಡಿಕೊಟ್ಟೆ. ಮರುದಿನ ಎರಡು ತಪ್ಪಿಗೆ ಕೆಂಪು ಗೆರೆ ಹಾಕಿ ವಾಪಸ್ ಬಂತು. ಆ ಕೆಂಪು ಗೆರೆ ನೋಡಿ ಸ್ವಲ್ಪ ಧೈರ್ಯ ಬಂತು. ಆದರೂ ಮಂಗಳೂರಿಗೆ ಹೋದಾಗ ಪ್ರೆಸ್ಸಿನ ಬಾಗಿಲವರೆಗೆ ಹೋಗಿ ನೋಡಿಯೇ ಬಂದೆ.

ಮೊದಲ ಸಲ ಖಾತೆಗೆ 840 ರೂಪಾಯಿ ಬಿತ್ತು. ಕೈಪಿಡಿಯ ಕೆಲಸ ಈಗಲೂ ನಡೆಯುತ್ತಿದೆ. ಮಲಯಾಳದ ತೊಝುತ್ತ್‌ಗೆ ನಾನು ಹಟ್ಟಿ ಅಂತ ಬರೆದರೆ ಅವರು ಕೊಟ್ಟಿಗೆ ಅಂತ ತಿದ್ದುತ್ತಾರೆ, ಘಟ್ಟದ ಮೇಲಿನವರಿಗೆ ಹಟ್ಟಿ ಅಂದರೆ ಜನ ಇರುವ ಕೇರಿಯಂತೆ. ಆ ಜಗಳ ಇನ್ನೂ ಮುಗಿದಿಲ್ಲ.