ಬಾಗಿಲು ಉಜ್ಜಿದರೆ ಮೊದಲು ಮೇಲಿನ ಹಿಂಜ್ ನೋಡಿ

ತುಮಕೂರಿನಲ್ಲಿ ಮರಗೆಲಸ ಮಾಡುತ್ತೇನೆ. ಮೊದಲೆಲ್ಲ ಹೊಸ ಮನೆಗಳ ಕೆಲಸ ಇರುತ್ತಿತ್ತು, ಈಗ ರಿಪೇರಿಯೇ ಜಾಸ್ತಿ. ಅದರಲ್ಲೂ ಬಾಗಿಲು. ಕ್ಯಾತ್ಸಂದ್ರದಿಂದ ಫೋನ್ ಬರಲಿ, ಶಿರಾ ಗೇಟ್ ಕಡೆಯಿಂದ ಬರಲಿ, ಮಾತು ಮಾತ್ರ ಒಂದೇ: "ಆಚಾರ್ರೇ, ಬಾಗಿಲು ಊದ್ಕೊಂಡಿದೆ, ಸ್ವಲ್ಪ ಕೀಸಿಕೊಟ್ಟು ಹೋಗಿ." ರೋಗವನ್ನೂ ಅವರೇ ಹೇಳಿ, ಔಷಧಿಯನ್ನೂ ಅವರೇ ಬರೆದಿಟ್ಟಿರುತ್ತಾರೆ.

ಹೋಗಿ ನೋಡಿದರೆ ಬಹಳ ಸಲ ಬಾಗಿಲು ಊದಿರುವುದಿಲ್ಲ, ಜೋತಿರುತ್ತದೆ. ಇವೆರಡೂ ಬೇರೆ ಬೇರೆ ತೊಂದರೆ. ಹೊರಗಿಂದ ನೋಡುವವರಿಗೆ ಒಂದೇ ಥರ ಕಾಣುತ್ತದೆ, ಯಾಕೆಂದರೆ ಎರಡರಲ್ಲೂ ಬಾಗಿಲು ಎಲ್ಲೋ ಉಜ್ಜುತ್ತದೆ, ಚಿಲಕ ಕೂರುವುದಿಲ್ಲ. ಆದರೆ ಜೋತ ಬಾಗಿಲನ್ನು ಕೀಸಿದರೆ ಇವತ್ತಿಗೆ ಸರಿಹೋಗುತ್ತದೆ, ಬಾಗಿಲು ಮಾತ್ರ ಜೋಲುತ್ತಲೇ ಇರುತ್ತದೆ. ಮುಂದಿನ ವರ್ಷ ಮತ್ತೆ ಕೀಸಬೇಕು. ಕೀಸಿದ ಮರ ವಾಪಸ್ ಬರುವುದಿಲ್ಲ. ಹೀಗೆ ಮೂರ್ನಾಲ್ಕು ಸಲ ಕೀಸಿಸಿಕೊಂಡು, ಮೇಲಿನ ಅಂಚು ಇಳಿಜಾರಾಗಿ, ಒಳಗೆ ದೀಪ ಹಾಕಿದರೆ ಹೊರಗೆ ಬೆಳಕು ಕಾಣುವ ಬಾಗಿಲುಗಳನ್ನು ಎಷ್ಟೋ ನೋಡಿದ್ದೇನೆ.

ಹಾಗಾಗಿ ನಾನು ಮೊದಲು ಮಾಡುವ ಕೆಲಸ ಬಾಗಿಲು ಮುಚ್ಚಿ ಸುಮ್ನೆ ನೋಡುವುದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಇರುವ ಸಂದಿಯನ್ನು ಸುತ್ತಲೂ ನೋಡುತ್ತೇನೆ. ಸರಿಯಾಗಿ ಕೂತ ಬಾಗಿಲಿಗೆ ಮೇಲೆ ಮತ್ತು ಎರಡೂ ಪಕ್ಕ ಹೆಚ್ಚುಕಮ್ಮಿ 3 ಮಿ.ಮೀ. ಸಂದಿ ಸಮನಾಗಿ ಇರಬೇಕು. ಅಳತೆಗೆ ಏನೂ ಬೇಡ, ಎರಡು ಒಂದು ರೂಪಾಯಿ ನಾಣ್ಯ ಜೋಡಿಸಿ ತೂರಿಸಿದರೆ ಸಾಕು. ಬಾಗಿಲು ಜೋತಿದ್ದರೆ ಸಂದಿ ಸೊಟ್ಟ ಇರುತ್ತದೆ. ಬೀಗದ ಕಡೆ ಮೇಲಿನ ಮೂಲೆ ಪಕ್ಕದ ಚೌಕಟ್ಟಿಗೆ ತಾಗುತ್ತದೆ, ಹಿಂಜ್ ಕಡೆ ಮೇಲೆ ಸಂದಿ ಅಗಲ ಆಗಿರುತ್ತದೆ, ಬೀಗದ ಕಡೆ ಕೆಳಮೂಲೆ ನೆಲಕ್ಕೆ ಉಜ್ಜಿ ಟೈಲ್ಸ್ ಮೇಲೆ ಕಮಾನಿನ ಥರ ಗೀರು ಬಿದ್ದಿರುತ್ತದೆ. ಊದಿದ್ದರೆ ಸಂದಿ ಸೊಟ್ಟ ಇರುವುದಿಲ್ಲ. ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೂ ಬಿಗಿ ಇರುತ್ತದೆ.

ಇನ್ನೊಂದು ಗುರುತು ಇದೆ. ಮರ ನೀರು ಕುಡಿದರೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಏಳು ಅಡಿ ಎತ್ತರದ ಬಾಗಿಲು ಮಳೆಗಾಲದಲ್ಲಿ ಏಳೂಕಾಲು ಅಡಿ ಆಗುವುದಿಲ್ಲ. ಆದ್ದರಿಂದ "ಮಳೆ ಶುರುವಾದ ಮೇಲೆ ಕೆಳಗೆ ನೆಲಕ್ಕೆ ಉಜ್ಜುತ್ತೆ" ಅಂತ ಯಾರಾದರೂ ಹೇಳಿದರೆ ನನ್ನ ಕಣ್ಣು ಮೊದಲು ಹೋಗುವುದು ಮೇಲಿನ ಹಿಂಜ್ ಕಡೆಗೆ.

ಮೇಲಿನ ಹಿಂಜೇ ಯಾಕೆ? ಮಾಮೂಲಿ ಏಳು ಅಡಿ ಎತ್ತರ, ಮೂರು ಅಡಿ ಅಗಲದ ಫ್ಲಶ್ ಡೋರ್ ಹೆಚ್ಚುಕಮ್ಮಿ 30 ಕೆ.ಜಿ. ತೂಗುತ್ತದೆ. ಆ ಭಾರ ನೇರ ಕೆಳಗೆ ಮಾತ್ರ ಇಳಿಯುವುದಿಲ್ಲ. ಬಾಗಿಲು ಹಿಂಜಿನಿಂದ ಒಂದೂವರೆ ಅಡಿ ಆಚೆಗೆ ಭಾರ ಇಟ್ಟುಕೊಂಡು ನಿಂತಿರುತ್ತದೆ. ಮೇಲಿನ ಹಿಂಜನ್ನು ಚೌಕಟ್ಟಿನಿಂದ ಕಿತ್ತುಕೊಳ್ಳುವ ಹಾಗೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಲೆಕ್ಕ ಹಾಕಿದರೆ ಮೇಲಿನ ಹಿಂಜಿನ ಎಳೆತ ಸುಮಾರು 8 ಕೆ.ಜಿ. ಬರುತ್ತದೆ. ಹಗಲೂ ರಾತ್ರಿ, ಬಾಗಿಲು ಮುಚ್ಚಿದ್ದರೂ ತೆರೆದಿದ್ದರೂ ಅಷ್ಟೇ. ಮನೆಯ ಮಗು, 20 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ, ಹಿಡಿಗೆ ಜೋತುಬಿದ್ದು ಆಟ ಆಡಿದರೆ ಆ ಎಳೆತ ಎರಡು ಪಟ್ಟು ದಾಟುತ್ತದೆ. ಮಲಗುವ ಕೋಣೆಯ ಬಾಗಿಲ ಹಿಂದೆ ಕೊಕ್ಕೆ ಹೊಡೆದು ಸ್ಕೂಲ್ ಬ್ಯಾಗು, ಜೀನ್ಸ್ ಪ್ಯಾಂಟು, ಹೆಲ್ಮೆಟ್ಟು ಎಲ್ಲ ನೇತುಹಾಕುತ್ತೇವಲ್ಲ, ಅದರ ಭಾರ ಹೊರುವುದೂ ಇದೇ ಹಿಂಜ್. ಕೆಳಗಿನ ಹಿಂಜಿಗೆ ಸ್ಕ್ರೂ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ಮೇಲಿನದಕ್ಕೆ ನಡೆಯುವುದಿಲ್ಲ.

ಹೊಸ ಬಾಗಿಲುಗಳೂ ಎರಡೇ ವರ್ಷಕ್ಕೆ ಜೋಲುವುದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಸುತ್ತಿಗೆ. ನಮ್ಮ ಕಸುಬಿನವರಿಗೆ ಬೇಜಾರಾದರೂ ಹೇಳಲೇಬೇಕು. ಅವಸರಕ್ಕೆ ಸ್ಕ್ರೂ ತಲೆ ಮೇಲೆ ಸುತ್ತಿಗೆಯಲ್ಲಿ ಮೂರು ಏಟು ಹಾಕಿ, ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವುದು ಎಲ್ಲ ಸೈಟಿನಲ್ಲೂ ನಡೆಯುತ್ತದೆ. ನೋಡುವುದಕ್ಕೆ ಗಟ್ಟಿ ಕೂತಿರುತ್ತದೆ. ಒಳಗೆ ಮರದ ನಾರು ಹರಿದುಹೋಗಿ, ಸ್ಕ್ರೂವಿನ ಎಳೆಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಅದು ಸ್ಕ್ರೂ ಅಲ್ಲ, ಮೊಳೆ. ಈಗ ಡ್ರಿಲ್ ಮಿಷನ್ ಬಂದ ಮೇಲೆ ಇನ್ನೊಂದು ಕಾಯಿಲೆ: ಸ್ಕ್ರೂ ಪೂರ್ತಿ ಕೂತ ಮೇಲೂ ಮಿಷನ್ ತಿರುಗಿಸುತ್ತಲೇ ಇರುತ್ತಾರೆ. ಎಳೆ ಕತ್ತರಿಸಿ ತೂತು ಬೋಳಾಗುತ್ತದೆ. ನಾನು ಮಿಷನ್ನಿನಲ್ಲಿ ಮುಕ್ಕಾಲು ಓಡಿಸಿ, ಕೊನೆಯದನ್ನು ಕೈಯಲ್ಲೇ ಬಿಗಿ ಮಾಡುತ್ತೇನೆ. ಕೈಗೆ ಗೊತ್ತಾಗುವುದು ಮಿಷನ್ನಿಗೆ ಗೊತ್ತಾಗುವುದಿಲ್ಲ.

ಸರಿಮಾಡುವ ಬಗೆ ಹೀಗೆ. ಬಾಗಿಲನ್ನು ಅರ್ಧ ತೆರೆದು, ಬೀಗದ ಕಡೆ ಕೆಳಗೆ ಮರದ ಬೆಣೆ ತೂರಿಸಿ, ಬಾಗಿಲನ್ನು ಅದರ ಜಾಗಕ್ಕೆ ಎತ್ತಿ ನಿಲ್ಲಿಸಬೇಕು. ಭಾರ ಬೆಣೆ ಮೇಲೆ ಇರಲಿ. ಆಮೇಲೆ ಮೇಲಿನ ಹಿಂಜಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಬಿಗಿಯಾದರೆ ಕೆಲಸ ಅಲ್ಲಿಗೇ ಮುಗಿಯಿತು. ಸುಮ್ಮನೆ ತಿರುಗುತ್ತಿದ್ದರೆ ಅದೊಂದನ್ನು ಮಾತ್ರ ಹೊರಗೆ ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಬಾಗಿಲು ಕಾಲ ಮೇಲೆ ಬರುತ್ತದೆ. ತೆಗೆದ ಸ್ಕ್ರೂವಿನ ತುದಿ ನೋಡಿ. ಮರದ ಪುಡಿ ಬಂದರೆ ತೂತು ಬೋಳಾಗಿದೆ ಅಷ್ಟೇ. ಮಣ್ಣು ಬಂದರೆ ಚೌಕಟ್ಟಿನ ಒಳಗೆ ಗೆದ್ದಲು ಇದೆ, ಅಲ್ಲಿ ಯಾವ ಸ್ಕ್ರೂ ಹಾಕಿಯೂ ಪ್ರಯೋಜನ ಇಲ್ಲ.

ಬೋಳು ತೂತಿಗೆ ಸುಲಭದ ದಾರಿ ಉದ್ದದ ಸ್ಕ್ರೂ. ಒಂದು ಇಂಚಿನದು ಇದ್ದರೆ ಎರಡು ಇಂಚಿನದು ಹಾಕಿ, ದಪ್ಪ ಅದೇ 8 ನಂಬರ್ ಇರಲಿ. ಕೆಲವರು ಹೊರದೇಶದ ವಿಡಿಯೋ ನೋಡಿ ಮೂರು ಇಂಚಿನ ಸ್ಕ್ರೂ ತಂದಿಟ್ಟುಕೊಂಡಿರುತ್ತಾರೆ. ಅಲ್ಲಿಯ ಚೌಕಟ್ಟು ತೆಳು ಹಲಗೆ, ಅದರ ಹಿಂದೆ ಗೋಡೆಯೊಳಗೇ ಮರದ ಕಂಬ ಇರುತ್ತದೆ, ಉದ್ದ ಸ್ಕ್ರೂ ಆ ಕಂಬವನ್ನು ಹಿಡಿಯುತ್ತದೆ. ನಮ್ಮಲ್ಲಿ ಚೌಕಟ್ಟೇ ದಪ್ಪ, ಹಿಂದೆ ಇಟ್ಟಿಗೆ, ಸಿಮೆಂಟು. ಬಾಗಿಲು ಕೂರಲು ಕೊರೆದ ಭಾಗ ಕಳೆದರೆ ಸ್ಕ್ರೂಗೆ ಸಿಗುವ ಮರ ಎರಡು, ಎರಡೂವರೆ ಇಂಚು. ಮೂರು ಇಂಚಿನದು ಇಟ್ಟಿಗೆಗೆ ತಾಗಿ ಅಲ್ಲೇ ಗಿರಗಿರ ತಿರುಗಿ, ಇದ್ದ ಎಳೆಯನ್ನೂ ಕೆಡಿಸುತ್ತದೆ.

ಉದ್ದದ ಸ್ಕ್ರೂಗೂ ಹಿಡಿತ ಸಿಗದಿದ್ದರೆ ಊದುಬತ್ತಿ ಕಡ್ಡಿ. ತಮಾಷೆ ಅಲ್ಲ. ಉರಿದು ಉಳಿದ ಕಡ್ಡಿ ಬಿದಿರಿನದು, ಬೆಂಕಿಕಡ್ಡಿಗಿಂತ ಗಟ್ಟಿ, ದೇವರ ಮನೆಯಲ್ಲಿ ಯಾವಾಗಲೂ ಸಿಗುತ್ತದೆ. ಮೂರ್ನಾಲ್ಕು ಕಡ್ಡಿಗೆ ಫೆವಿಕಾಲ್ ಬಳಿದು ತೂತಿಗೆ ಬಿಗಿಯಾಗಿ ತುಂಬಿ, ಹೊರಗೆ ಉಳಿದಿದ್ದನ್ನು ಉಳಿಯಲ್ಲಿ ಸವರಿ, ಒಂದು ರಾತ್ರಿ ಒಣಗಲು ಬಿಡಬೇಕು. ಮಾರನೇ ದಿನ 3 ಮಿ.ಮೀ. ಬಿಟ್ಟಿನಲ್ಲಿ ತೂತು ಕೊರೆದು ಸ್ಕ್ರೂ ಹಾಕಿದರೆ ಹೊಸ ಮರದ ಹಾಗೆ ಹಿಡಿಯುತ್ತದೆ.

ಸ್ಕ್ರೂ ಎಲ್ಲ ಬಿಗಿ ಇದ್ದು, ಆದರೂ ಸಂದಿ ಸೊಟ್ಟ ಇದ್ದರೆ? ಆಗ ಪ್ಯಾಕಿಂಗ್. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ಕೆಳಗಿನ ಹಿಂಜಿನ ಹಿಂದೆ, ಅದು ಕೂರಲು ಚೌಕಟ್ಟಿನಲ್ಲಿ ಕೊರೆದ ಕಚ್ಚಿನಲ್ಲಿ, ತೆಳ್ಳಗಿನ ಒಂದು ತುಂಡು ಇಟ್ಟರೆ ಬಾಗಿಲಿನ ಕೆಳಭಾಗ ಬೀಗದ ಕಡೆಗೆ ಸರಿಯುತ್ತದೆ. ಮೇಲಿನ ಹಿಂಜ್ ಅಲ್ಲೇ ಇರುವುದರಿಂದ ಬಾಗಿಲು ಅದರ ಸುತ್ತ ಸ್ವಲ್ಪ ತಿರುಗಿ, ಬೀಗದ ಕಡೆ ಮೂಲೆ ಮೇಲೇಳುತ್ತದೆ. ಬೀಗದ ಕಡೆ ಮೂಲೆ ಮೇಲಿನ ಅಡ್ಡ ಚೌಕಟ್ಟಿಗೆ ಉಜ್ಜಿ, ಕೆಳಗೆ ಸಂದಿ ಜಾಸ್ತಿ ಇದ್ದರೆ ಉಲ್ಟಾ, ಮೇಲಿನ ಹಿಂಜಿಗೆ ಪ್ಯಾಕಿಂಗ್. ಎಷ್ಟು ಏಳುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಮೂರು ಅಡಿ ಅಗಲದ ಬಾಗಿಲಿಗೆ ಮೇಲಿನ ಮತ್ತು ಕೆಳಗಿನ ಹಿಂಜಿನ ನಡುವೆ ಐದೂವರೆ ಅಡಿ ಇದ್ದರೆ, 1 ಮಿ.ಮೀ. ಪ್ಯಾಕಿಂಗ್‌ಗೆ ಮೂಲೆ ಅರ್ಧ ಮಿ.ಮೀ.ಗಿಂತ ಚೂರು ಹೆಚ್ಚು ಏಳುತ್ತದೆ. ಜಾಸ್ತಿ ಎತ್ತಬೇಕು ಅಂತ ಕೆಳಗೇ 4 ಮಿ.ಮೀ. ತುಂಬಿದರೆ ಅಲ್ಲಿ ಸಂದಿ ಬಾಯಿಬಿಡುತ್ತದೆ. ಅದಕ್ಕೆ ಹಂಚಿಕೊಳ್ಳಬೇಕು. ಕೆಳಗೆ 1 ಮಿ.ಮೀ. ತುಂಬಿ, ಮೇಲಿನ ಕಚ್ಚನ್ನು ಉಳಿಯಲ್ಲಿ 1 ಮಿ.ಮೀ. ಆಳ ಮಾಡಿದರೆ ಎರಡರ ಫಲವೂ ಕೂಡಿ ಬರುತ್ತದೆ. ನಡುವಿನ ಹಿಂಜನ್ನು ಮರೆಯಬಾರದು. ಮೇಲಿನ ಕಚ್ಚು ಮುಟ್ಟದೆ ಕೆಳಗೆ ಮಾತ್ರ ತುಂಬಿದ್ದರೆ ಅದಕ್ಕೆ ಕೆಳಗಿನದರ ಅರ್ಧ ದಪ್ಪದ ಪ್ಯಾಕಿಂಗ್ ಬೇಕು. ಇಲ್ಲದಿದ್ದರೆ ಮೂರು ಹಿಂಜ್ ಒಂದೇ ಗೆರೆಯಲ್ಲಿ ಇರದೆ ಬಾಗಿಲು ತೆರೆಯುವಾಗ ಕಿರುಗುಟ್ಟುತ್ತದೆ.

ಪ್ಯಾಕಿಂಗ್‌ಗೆ ನಾನು ಇಡುವುದು ಸನ್‌ಮೈಕಾ ತುಂಡು. ಮಾಮೂಲಿ ಹಾಳೆ ಹೆಚ್ಚುಕಮ್ಮಿ 1 ಮಿ.ಮೀ. ಇರುತ್ತದೆ, ನೀರಿಗೆ ಹೆದರುವುದಿಲ್ಲ, ಒತ್ತಿದರೆ ಕುಗ್ಗುವುದಿಲ್ಲ. ರಟ್ಟು ಇಟ್ಟರೆ ನಾಲ್ಕು ತಿಂಗಳಲ್ಲಿ ಚಪ್ಪಟೆಯಾಗಿ ಬಾಗಿಲು ಮೊದಲಿದ್ದ ಕಡೆಗೇ ಬರುತ್ತದೆ.

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಬರುವ ತಲೆನೋವು ಬೇರೆ. ಬಟವಾಡಿಯ ಒಂದು ಮನೆಯಲ್ಲಿ ಮೇಲಿನ ಹಿಂಜಿಗೆ ಎರಡು ಸ್ಕ್ರೂ ಬದಲಾಯಿಸಿ, ಕೆಳಗೆ ಒಂದು ತುಂಡು ಸನ್‌ಮೈಕಾ ಇಟ್ಟೆ. ಬಾಗಿಲು ಒಂದೇ ಬೆರಳಿಗೆ ಮುಚ್ಚಿತು. ಮನೆಯ ಅಜ್ಜಿ ಎರಡು ಸಲ ಮುಚ್ಚಿ ತೆರೆದು ಖುಷಿಪಟ್ಟರು. ಯಜಮಾನರು ಮಾತ್ರ ನೆಲ ನೋಡಿದರು. "ಇಷ್ಟೇನಾ? ಕೀಸಲೇ ಇಲ್ವಲ್ಲ ಆಚಾರ್ರೇ?" ಒಂದು ರಾಶಿ ಸಿಪ್ಪೆ ಬಿದ್ದಿದ್ದರೆ ಅವರು ಕೂಲಿ ಎಣಿಸಿ ಕೊಡುತ್ತಿದ್ದರು. ಸಿಪ್ಪೆ ಇಲ್ಲ, ಹಾಗಾಗಿ ಕೆಲಸವೂ ಇಲ್ಲ. "ಸಾರ್, ನಿಮ್ಮ ಬಾಗಿಲಿನ ಮರ ನಿಮ್ಮ ಬಾಗಿಲಿನಲ್ಲೇ ಇದೆ, ಅದಕ್ಕೇ ಕೊಡಿ" ಅಂದೆ. ನಕ್ಕರು, ಆದರೂ ಐವತ್ತು ರೂಪಾಯಿ ಹಿಡಿದುಕೊಂಡೇ ಕೊಟ್ಟರು. ಆಮೇಲಿಂದ ಬಂದು ನೋಡುವುದಕ್ಕೆ ಇಷ್ಟು ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ. ಕಲಿಯಲು ಬರುವ ಹುಡುಗರಿಗೂ ಇದನ್ನೇ ಹೇಳುವುದು. ಕೂಲಿಗೋಸ್ಕರ ಸಿಪ್ಪೆ ಬೀಳಿಸಬೇಡಿ.

ಮಳೆಯ ವಿಷಯ. ನಮ್ಮ ಕಡೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಹಲಸು, ಬೇವಿನ ಬಾಗಿಲುಗಳು ನಿಜವಾಗಿಯೂ ಹಿಗ್ಗುತ್ತವೆ. ಆ ಹೊತ್ತಿನಲ್ಲಿ ಕೀಸಿದರೆ ಯುಗಾದಿ ಹೊತ್ತಿಗೆ ಬೆರಳು ತೂರುವಷ್ಟು ಸಂದಿ ಆಗಿರುತ್ತದೆ. ಚಿಲಕದ ಪಟ್ಟಿ ಒಂದಿಷ್ಟು ಸರಿಸಿ ದೀಪಾವಳಿ ದಾಟಿಸಿ, ಒಣಗಿದ ಮೇಲೆ ನೋಡೋಣ ಅನ್ನುತ್ತೇನೆ. ಇನ್ನೊಂದು ನೀರು ವರ್ಷಪೂರ್ತಿ ಬರುತ್ತದೆ, ಹೊಸ್ತಿಲು ತೊಳೆಯುವ ನೀರು. ದಿನಾ ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕಿ ಅರಿಶಿನ ಕುಂಕುಮ ಇಡುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಹಾಕುತ್ತಾರೆ. ಆದರೆ ಚೌಕಟ್ಟಿನ ಕಾಲು, ಬಾಗಿಲಿನ ಕೆಳ ಅಂಚು ಎರಡಕ್ಕೂ ಅಲ್ಲಿಂದಲೇ ನೀರು ಹತ್ತುವುದು. ಪೇಂಟರ್ ಬಾಗಿಲಿನ ಮುಖಕ್ಕೆ ಮೂರು ಕೋಟ್ ಹೊಡೆದು ಕೆಳ ಅಂಚನ್ನು ಬಿಟ್ಟಿರುತ್ತಾನೆ, ಕಾಣುವುದಿಲ್ಲ ಅಲ್ವಾ. ಒಂದು ಚಿಕ್ಕ ಕನ್ನಡಿ ಕೆಳಗೆ ಹಿಡಿದರೆ ಗೊತ್ತಾಗುತ್ತದೆ. ಯಾವುದೋ ಕಾರಣಕ್ಕೆ ಬಾಗಿಲು ಬಿಚ್ಚಿದಾಗ ಮೇಲಿನ, ಕೆಳಗಿನ ಅಂಚಿಗೆ ಪೇಂಟ್ ಹೊಡೆಯದೆ ನಾನು ವಾಪಸ್ ಏರಿಸುವುದಿಲ್ಲ.

ರಾತ್ರಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಅಂತ ಹೆದರಿ ಕರೆಸಿದವರೂ ಇದ್ದಾರೆ. ತೂಗುಗುಂಡು ಬಿಟ್ಟು ನೋಡಿದರೆ ಚೌಕಟ್ಟು ಒಂದು ಕಡೆ ವಾಲಿರುತ್ತದೆ, ಅಷ್ಟೇ. ಹಿಂಜಿನ ಪಿನ್ನು ತೆಗೆದು ಚೂರು ಬಗ್ಗಿಸಿ ಹಾಕಿದರೆ ಬಿಗಿಯಾಗಿ ನಿಲ್ಲುತ್ತದೆ, ಆದರೆ ಇಲ್ಲಿ ಸಿಗುವ ಹೆಚ್ಚಿನ ಹಿಂಜಿನ ಪಿನ್ನು ಬಿಚ್ಚಲು ಬರುವುದಿಲ್ಲ. ಮ್ಯಾಗ್ನೆಟ್ ಸ್ಟಾಪರ್ ಹಾಕಿದರೆ ಭಯ ಹೋಗುತ್ತದೆ. ಚೌಕಟ್ಟಿನ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಎದ್ದಿದ್ದರೆ ಮಾತ್ರ ನಾನು ಹಿಂಜ್ ಮುಟ್ಟುವುದಿಲ್ಲ. ಅಲ್ಲಿ ಸರಿದಿರುವುದು ಗೋಡೆ, ಮೊದಲು ಮೇಸ್ತ್ರಿ ನೋಡಲಿ.

ಕೀಸಲೇಬೇಕಾದ ಕಡೆ ಕೀಸುತ್ತೇನೆ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಹೊಸ ಟೈಲ್ಸ್ ಹಾಕಿಸಿದರೆ ನೆಲವೇ ಮೇಲೆ ಬಂದಿರುತ್ತದೆ, ಹಿಂಜ್ ಏನು ಮಾಡೀತು? ಕೆಳಗೆ ಕತ್ತರಿಸಿ, ಅಂಚಿಗೆ ಪೇಂಟ್ ಹೊಡೆದು ಕೊಡುವುದು.

ಕಿಚನ್, ವಾರ್ಡ್‌ರೋಬ್ ಬಾಗಿಲುಗಳ ಆಟೋ ಹಿಂಜ್ ಇನ್ನೂ ಸುಲಭ, ಅದನ್ನು ನೀವೇ ಮಾಡಬಹುದು. ಬಾಗಿಲಿನಲ್ಲಿ ಕೂತ ಬಟ್ಟಲಿಗೆ ಹತ್ತಿರ ಇರುವ ಸ್ಕ್ರೂ ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಹಿಂದಿನದು ಸಡಿಲ ಮಾಡಿದರೆ ಒಳಗೆ ಹೊರಗೆ ಸರಿಯುತ್ತದೆ. ಮೇಲೆ ಕೆಳಗೆ ಬೇಕಿದ್ದರೆ ಪ್ಲೇಟಿನ ಎರಡು ಸ್ಕ್ರೂ. ಒಂದು ಸಲಕ್ಕೆ ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು.

ದೊಡ್ಡ ಬಾಗಿಲಿಗೆ ನನ್ನನ್ನೋ ಬೇರೆ ಯಾರನ್ನೋ ಕರೆಯುವ ಮುಂಚೆ ಬಾಗಿಲು ಮುಚ್ಚಿ ಮೇಲಿನ ಸಂದಿಯದೊಂದು, ಬೀಗದ ಕಡೆಯದೊಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ. ಅದನ್ನು ನೋಡಿದರೆ ಎರಡು ಇಂಚಿನ ಸ್ಕ್ರೂ ತರಬೇಕೋ, ಮಳೆ ನಿಲ್ಲುವ ತನಕ ಕಾಯಬೇಕೋ ಅಂತ ಅಲ್ಲೇ ಹೇಳಬಹುದು. ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಏನೇನು ನೇತುಹಾಕಿದ್ದೀರಿ ಅನ್ನುವುದರ ಫೋಟೋನೂ ಒಂದು ಇರಲಿ.