ಜೂನ್ ತಿಂಗಳ ದುಡ್ಡು

ನಾವು ಕಾಲೇಜು ಸೇರಿದಾಗ ಇಳಕಲ್ಲು ವಿಜಾಪುರ ಜಿಲ್ಲೆಯಲ್ಲಿತ್ತು. 1998ರಲ್ಲಿ ಬಿ.ಕಾಂ ಮುಗಿಸಿ ಹೊರಬರುವಾಗ ಬಾಗಲಕೋಟೆ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆ ಬೇರೆಯಾಯಿತಲ್ಲ, ಗೆಳತಿಯರಿಗೆ ಅದು ಬರೀ ಸುದ್ದಿ. ನಮ್ಮ ಮನೆಯಲ್ಲಿ ಮಾತ್ರ ಅದರಿಂದ ಖುಷಿಯಾಯಿತು. ಸ್ಕಾಲರ್‌ಶಿಪ್ ವಿಚಾರಿಸಲು ಅಪ್ಪ ಇನ್ನು ವಿಜಾಪುರದ ತನಕ ಹೋಗಬೇಕಾಗಿರಲಿಲ್ಲ. ಅಪ್ಪ ನೇಕಾರ, ಮಗ್ಗ ನಿಂತ ದಿನಕ್ಕೆ ಮಜೂರಿ ಇಲ್ಲ. ಕಚೇರಿಯೊಂದರಲ್ಲಿ "ನಾಳೆ ಬಾ" ಅನ್ನಿಸಿಕೊಂಡು ಬರುವುದೆಂದರೆ ಅಪ್ಪನ ಒಂದು ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ.

ಅಪ್ಪನದು ಕುಣಿ ಮಗ್ಗ, ಅಂದರೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ನೂಲು ಸಾವುಕಾರರದು, ಕೈ ನಮ್ಮದು. ಅವ್ವ ಮನೆಕೆಲಸದ ನಡುವೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅದಕ್ಕೆ ಬೇರೆ ಮಜೂರಿ ಅಂತ ಯಾರೂ ಕೊಟ್ಟಿದ್ದು ನನಗೆ ಗೊತ್ತಿಲ್ಲ. ಇಳಕಲ್ ಸೀರೆಯ ಚಂದವನ್ನು ಈ ಪತ್ರಿಕೆಯ ಓದುಗರಿಗೆ ನಾನೇನು ಹೇಳಲಿ? ಅದರ ಲೆಕ್ಕ ಮಾತ್ರ ಹೇಳುತ್ತೇನೆ. ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಸು ಹೂಡುವ ಮೊದಲೇ ಎರಡಕ್ಕೂ ಬೇಕಾಗುವ ನೂಲು ಒಮ್ಮೆಲೇ ಬೇಕು. ಅಷ್ಟು ದುಡ್ಡು ನೇಕಾರನ ಕೈಯಲ್ಲಿ ಇರುವುದಿಲ್ಲ. ಅಲ್ಲಿಂದಲೇ ಸಾವುಕಾರನ ಹಂಗು ಶುರುವಾಗುತ್ತದೆ. ಅಪ್ಪನಿಗೆ ಕೆಲಸ ಬರುತ್ತಿತ್ತು, ಸೀರೆಗೆ ಬೇಡಿಕೆಯೂ ಇತ್ತು. ಬೇಕಾದ ಹೊತ್ತಿಗೆ ದುಡ್ಡು ಮಾತ್ರ ಇರುತ್ತಿರಲಿಲ್ಲ.

ಕಾಲೇಜಿನ ಫೀಸಿನದೂ ಇದೇ ಕತೆ. ಫೀಸು ಕಟ್ಟಬೇಕಾದದ್ದು ಜೂನ್‌ನಲ್ಲಿ, ಸ್ಕಾಲರ್‌ಶಿಪ್ ಕೈಗೆ ಬರುತ್ತಿದ್ದದ್ದು ಮಾರ್ಚ್‌ನಲ್ಲಿ. ಎರಡನೇ ವರ್ಷ ನಾನು ಕ್ಲಾಸು ಬಿಟ್ಟು ಮನೆಯಲ್ಲಿ ಕೂತೆ. ನಮ್ಮ ಕಾಮರ್ಸ್ ಸರ್ ಓಣಿಯಲ್ಲಿ ಸಿಕ್ಕರು.

"ಯಾಕವ್ವಾ, ಕ್ಲಾಸಿಗೆ ಕಾಣವಲ್ಲಿ?"

"ಅಪ್ಪ ಬ್ಯಾಡ ಅಂದಾರ್ರೀ ಸರ್."

"ಬ್ಯಾಡ ಅಂದಾರೋ, ಈಗ ಬ್ಯಾಡ ಅಂದಾರೋ?"

ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಉಳಿದವರೆಲ್ಲ ಹೆಣ್ಣುಮಕ್ಕಳು ಓದಬೇಕು ಅಂತ ಅಪ್ಪನಿಗೆ ಬುದ್ಧಿ ಹೇಳಿ ಹೋಗಿದ್ದರು. ಅಪ್ಪನಿಗೆ ಅದು ಗೊತ್ತಿರಲಿಲ್ಲವೇ?

ಇಲ್ಲಿ ಒಂದು ಮಾತು ಹೇಳಲೇಬೇಕು. ಸರ್ ತಮ್ಮ ಸಂಬಳದಿಂದ ನನ್ನ ಫೀಸು ಕಟ್ಟಲಿಲ್ಲ. ಇಂಥ ನೆನಪುಗಳಲ್ಲಿ ಮಾಸ್ತರರು ಯಾವಾಗಲೂ ಕಿಸೆಗೆ ಕೈ ಹಾಕುತ್ತಾರೆ, ಅಲ್ವಾ? ನಮ್ಮ ಸರ್ ಪ್ರಿನ್ಸಿಪಾಲರ ಒಪ್ಪಿಗೆ ತಗೊಂಡು ಒಂದು ಉದ್ದನೆಯ ರಿಜಿಸ್ಟರ್ ಹಾಕಿದರು. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದವರ ಹೆಸರು, ಬಾಕಿ ಫೀಸು, ಅಪ್ಪನ ಸಹಿ ಅಥವಾ ಹೆಬ್ಬೆಟ್ಟು. ಮಾರ್ಚ್‌ನಲ್ಲಿ ದುಡ್ಡು ಬಂದ ಕೂಡಲೇ ಬಾಕಿ ಚುಕ್ತಾ. "ನಾ ಕೈಲೆ ಕೊಟ್ರ ಒಬ್ಬರಿಗೆ ಕೊಟ್ಟೇನು, ರಿಜಿಸ್ಟರ್ ಇಟ್ರ ಎಲ್ಲಾರ್ಗೂ ಆಗ್ತದ" ಅನ್ನುತ್ತಿದ್ದರು. ಯಾರಿಗೂ ಯಾರದೂ ಋಣ ಇರಲಿಲ್ಲ. ತಲೆ ತಗ್ಗಿಸಿ ನಿಲ್ಲುವ ಪ್ರಸಂಗವೂ ಬರಲಿಲ್ಲ.

ರಿಜಿಸ್ಟರಿನ ಜೊತೆಗೆ ಒಂದು ಕಟ್ಟಳೆಯೂ ಇತ್ತು. ನಿನ್ನ ಅರ್ಜಿ ಮುಗಿಯಿತು ಅಂದರೆ ಕಿರಿಯರಿಬ್ಬರ ಅರ್ಜಿಯನ್ನು ನೀನೇ ತುಂಬಿಸಬೇಕು. ಲೈಬ್ರರಿಯ ಮೂಲೆಯಲ್ಲಿ ಶನಿವಾರ ಮಧ್ಯಾಹ್ನ ಕೂತು ಕಿರಿಯರಿಗೆ ಹೇಳುತ್ತಿದ್ದೆವು: ಆದಾಯ ಪ್ರಮಾಣಪತ್ರಕ್ಕೆ ಏಪ್ರಿಲ್‌ನಲ್ಲೇ ಅರ್ಜಿ ಹಾಕು, ಜೂನ್‌ನಲ್ಲಿ ಪಾಳಿ ಜಾಸ್ತಿ. ಆಗ ಇಳಕಲ್ಲು ತಾಲ್ಲೂಕು ಆಗಿರಲಿಲ್ಲ, ತಹಶೀಲ್ದಾರರ ಸಹಿಗೆ ಹುನಗುಂದಕ್ಕೇ ಹೋಗಬೇಕು, ಹಾಗಾಗಿ ನಾಲ್ಕು ಮನೆಯ ಕಾಗದ ಒಬ್ಬರೇ ಒಯ್ಯಿರಿ. ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಬರೆಸಿ. ಬಿ.ಕಾಂನಲ್ಲಿ ಕಲಿತ ಅಕೌಂಟೆನ್ಸಿಗಿಂತ ಈ ವಿದ್ಯೆಯೇ ನನಗೆ ಮುಂದೆ ಜಾಸ್ತಿ ಉಪಯೋಗಕ್ಕೆ ಬಂತು ಅಂದರೆ ಸರ್ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಹಳಕಟ್ಟಿಯವರ ವಿಷಯ ಕೇಳಿದ್ದೂ ಆ ಮೂಲೆಯಲ್ಲೇ. ಫ.ಗು. ಹಳಕಟ್ಟಿ ಅಂದರೆ ವಚನ ಹುಡುಕಿ ಅಚ್ಚು ಹಾಕಿಸಿದವರು ಅಂತಷ್ಟೇ ನಮಗೆ ಗೊತ್ತಿತ್ತು. ಅದೇ ಮನುಷ್ಯ ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಇಂದಿನ ಬಿ.ಎಲ್.ಡಿ.ಇ ಅದೇ. ಮತ್ತೆರಡು ವರ್ಷಕ್ಕೆ, 1912ರಲ್ಲಿ, ಸಿದ್ಧೇಶ್ವರ ಸಹಕಾರಿ ಬ್ಯಾಂಕು ಶುರು ಮಾಡಿದರು. "ಸಾಲಿ ತೆಗೆದಾಂವಗ ಬ್ಯಾಂಕ್ ಯಾಕ ಬೇಕಾತು, ಹೇಳ್ರಿ ನೋಡೋಣು" ಅಂತ ಸರ್ ಕೇಳುತ್ತಿದ್ದರು. ಉತ್ತರ ಅವರು ಹೇಳಲೇ ಇಲ್ಲ. ನೇಕಾರರ ಮಕ್ಕಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ನಾನು ಪರೀಕ್ಷೆ ಬರೆದು ಗ್ರಾಮೀಣ ಬ್ಯಾಂಕು ಸೇರಿದೆ. ಬೋರ್ಡು ಎರಡು ಸಲ ಬದಲಾಯಿತು. ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು, 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಕೌಂಟರಿನ ಆಚೆ ನಿಲ್ಲುವವರು ಮಾತ್ರ ಬದಲಾಗಲಿಲ್ಲ. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರು, ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟವರು, ಹೊಲಿಗೆ ಕಲಿತು ಸ್ವಂತ ಯಂತ್ರ ಬೇಕೆನ್ನುವ ತಾಂಡಾದ ಹೆಣ್ಣುಮಕ್ಕಳು. 2015ರಲ್ಲಿ ಸಣ್ಣ ಉದ್ಯೋಗಗಳಿಗೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಬಂತು. ಶಿಶು ಅನ್ನುವ ಮೊದಲ ಹಂತದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ಅಡಮಾನ ಬೇಕಿಲ್ಲ. ನೇಕಾರರಿಗೆ ಶೇ 6ರ ಬಡ್ಡಿಯ ಅನುಕೂಲವೂ ಬಂತು. ಯೋಜನೆ ಒಳ್ಳೆಯದೇ. ಆದರೆ ಮದುವೆ ಸೀಸನ್ನಿಗೆ ನೂಲು ತರಬೇಕಾದವನಿಗೆ ಸೀಸನ್ ಮುಗಿದ ಮೇಲೆ ಸಾಲ ಮಂಜೂರಾದರೆ ಅವನು ಅದನ್ನು ಹಳೆಯ ಕೈಗಡ ತೀರಿಸಲು ಬಳಸುತ್ತಾನೆ. ಆಮೇಲೆ ನಾವೇ "ಸಾಲ ದುರುಪಯೋಗ" ಅಂತ ಬರೆಯುತ್ತೇವೆ. ಅದಕ್ಕೇ ನಾನಿದ್ದ ಶಾಖೆಯಲ್ಲಿ ನೇಕಾರರ ಅರ್ಜಿಗಳನ್ನು ದೀಪಾವಳಿಗೆ ಮೊದಲೇ ಕರೆದು ತಗೊಳ್ಳುತ್ತಿದ್ದೆವು.

ಈಗ ಸ್ಕಾಲರ್‌ಶಿಪ್ ಎಲ್ಲ ಆನ್‌ಲೈನ್. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ, ಕಾಗದಪತ್ರಗಳ ಇ-ದೃಢೀಕರಣ, ನೇರ ಖಾತೆಗೆ ಜಮಾ. ಹುನಗುಂದದ ಬಸ್ಸು ತಪ್ಪಿತು, ತೊಡಕು ತಪ್ಪಲಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ದುಡ್ಡು ಹೋಗುವುದು ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ ದುಡ್ಡು ಬಿದ್ದಿರುತ್ತದೆ, ದುಡ್ಡು ಬಂದೇ ಇಲ್ಲ ಅಂತ ಹುಡುಗಿ ಅಳುತ್ತಿರುತ್ತಾಳೆ. ಇಂಥವರು ಇಂದಿಗೂ ನಮ್ಮ ಕೌಂಟರಿಗೆ ಬರುತ್ತಾರೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ದೇಣಿಗೆ ಕೇಳಿ ಫೋನ್ ಮಾಡಿದ್ದರು. ಮೊದಲ ರ‍್ಯಾಂಕಿಗೆ ಬಂಗಾರದ ಪದಕ ಇಡೋಣ ಅನ್ನುವುದು ಅವರ ಆಸೆ. ನನ್ನ ಮತ ಬೇರೆ. ಮೊದಲ ರ‍್ಯಾಂಕಿನವಳು ಹೇಗೋ ದಾರಿ ಕಂಡುಕೊಳ್ಳುತ್ತಾಳೆ. ಅದೇ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಸ್ಕಾಲರ್‌ಶಿಪ್‌ಗೆ ಕಾಯುವವರ ಫೀಸಿಗೆ ಜೂನ್‌ನಲ್ಲಿ ಬಡ್ಡಿಯಿಲ್ಲದ ಕೈಗಡ ಕೊಡಿ. ಸ್ಕಾಲರ್‌ಶಿಪ್ ಬಂದಾಗ ವಾಪಸ್ ತಗೊಳ್ಳಿ, ಮರುವರ್ಷ ಬೇರೆಯವರಿಗೆ ಕೊಡಿ. ಕೆಲವರು ವಾಪಸ್ ಕೊಡಲಿಕ್ಕಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದೇ ಶುರು ಮಾಡಬೇಕು, ಬ್ಯಾಂಕಿನವಳಾಗಿ ಹೇಳುತ್ತಿದ್ದೇನೆ. ಇದಕ್ಕೆ ಒಪ್ಪುವುದಾದರೆ ನನ್ನ ಪಾಲಿನ ದುಡ್ಡು ತಯಾರಿದೆ. ಪದಕಕ್ಕಾದರೆ ಬೇರೆಯವರನ್ನು ಕೇಳಿ.